ಪೂಜಾ ಆದ ಮ್ಯಾಲೆ

ಗುರುವಾರಗಳಂದು ನಾನು ನಡೆಸುತ್ತಿದ್ದ ಕೋಣೆಗೆ ಆಸ್ಪತ್ರೆಯ ಕಾಗದಗಳಲ್ಲಿ ಹೆಸರೇ ಇರಲಿಲ್ಲ. ವಾರ್ಡ್‌ಬಾಯ್‌ಗಳು ಮಾತ್ರ ತಾವೇ ಒಂದು ಹೆಸರಿಟ್ಟುಕೊಂಡಿದ್ದರು: ಹೇಲಿನ ಖೋಲಿ. ಒಮ್ಮೆ ಅವರಲ್ಲೊಬ್ಬ ಹೊಸ ಪೇಷಂಟಿಗೆ ಹಾಗೆಂದೇ ದಾರಿ ತೋರಿಸುತ್ತಿದ್ದುದು ಕಿವಿಗೆ ಬಿತ್ತು. ಅವನನ್ನು ಒಳಗೆ ಕರೆದು ಮಧ್ಯಾಹ್ನದ ತನಕ ಬೇಸಿನ್ ಹಿಡಿಸಿ ನಿಲ್ಲಿಸಿದೆ. "ಹೆಸರ ಇಟ್ಟಾವ ಒಂದ ಸಲ ಕಣ್ಣಿಲೆ ನೋಡಬೇಕಲ್ಲೋ" ಎಂದೆ. ಅವನು ಆಮೇಲೆ ಎರಡು ದಿನ ನನ್ನ ಕಂಡರೆ ಬೇರೆ ದಾರಿ ಹಿಡಿಯುತ್ತಿದ್ದ. ಹೆಸರು ಮಾತ್ರ ಹಾಗೇ ಉಳಿಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದ ಕಾಲ. ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ಸಿಸ್ಟರ್. ಕರುಳಿನಲ್ಲಿ ಗಡ್ಡೆಯಾದವರಿಗೆ, ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿ ಬಂದವರಿಗೆ ನಮ್ಮ ಡಾಕ್ಟರು ಆಪರೇಶನ್ ಮಾಡುತ್ತಿದ್ದರು. ಕೆಲವರಿಗೆ ಹೊಟ್ಟೆಯ ಎಡಗಡೆ ಒಂದು ತೂತು ಮಾಡಿ, ಕರುಳಿನ ತುದಿಯನ್ನು ಹೊರಗೆ ತಂದು ಅಲ್ಲೇ ಹೊಲಿಯಬೇಕಾಗುತ್ತಿತ್ತು. ಮುಂದೆ ಬದುಕಿರುವ ತನಕ ಮಲ ಬರುವುದು ಅಲ್ಲಿಂದಲೇ. ತಡೆಯುವುದಕ್ಕಿಲ್ಲ, ಈಗ ಬರುತ್ತದೆ ಎಂದು ತಿಳಿಯುವುದಕ್ಕೂ ಇಲ್ಲ. ಡಾಕ್ಟರು ಜೀವ ಉಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಅವರ ತಪ್ಪೆಂದು ನಾನು ಹೇಳುವುದಿಲ್ಲ, ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಿದ್ದರು. ಆದರೆ ಮನೆಗೆ ಹೋದವರು ಒಂದು ತಿಂಗಳಿಗೆ ತಿರುಗಿ ಬಂದಾಗ ಹೊಟ್ಟೆಯ ಮೇಲಿನ ಚರ್ಮ ಸುಲಿದು ಕೆಂಪಗಾಗಿರುತ್ತಿತ್ತು. ಹಳೆಯ ಧೋತರ ಸುತ್ತಿಕೊಂಡು, ಅದರ ಮೇಲೆ ಶಾಲು ಹೊದ್ದುಕೊಂಡು, ಎಲ್ಲರಿಂದ ದೂರ ಮೂಲೆಯ ಬೆಂಚಿನಲ್ಲಿ ಕೂಡುತ್ತಿದ್ದರು. ನೋಡಿ ನೋಡಿ ನನಗೇ ತಡೆಯಲಾಗದೆ ಡಾಕ್ಟರ ಹತ್ತಿರ ಹೋಗಿ ವಾರಕ್ಕೆ ಒಂದು ದಿನ, ಒಂದು ಕೋಣೆ, ಒಂದು ನಲ್ಲಿ ಕೇಳಿದೆ. "ಡಾಕ್ಟರ ಬ್ಯಾಡೇನು?" ಎಂದು ಅವರು ನಕ್ಕರು. "ಬ್ಯಾಡ್ರಿ, ನಲ್ಲಿ ಇದ್ರ ಸಾಕ" ಎಂದೆ. ನನ್ನ ಬಾಯಿ ಆಗಿನಿಂದಲೂ ಜೋರು.

ಎಕ್ಸ್‌ರೇ ಕೋಣೆಯ ಹಿಂದೆ ಹಳೆಯ ಬಚ್ಚಲಿಗೆ ಹೊಂದಿದ ಒಂದು ಕೋಣೆ ಸಿಕ್ಕಿತು. ಆಗ ಇದಕ್ಕೆಂದೇ ಮಾಡಿದ ಚೀಲಗಳು ನಮಗೆ ಎಲ್ಲಿ ಸಿಗಬೇಕು? ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಮಡಚಿ, ಅಂಚನ್ನು ಮೇಣಬತ್ತಿಯ ಉರಿಗೆ ಹಿಡಿದು ನಾನೇ ಚೀಲ ಅಂಟಿಸುತ್ತಿದ್ದೆ. ಬಾಯಿಗೆ ಸೈಕಲ್ ಟ್ಯೂಬು ಕತ್ತರಿಸಿದ ಪಟ್ಟಿ. ಅದು ಜಾರುತ್ತದೆಂದು ಗೊತ್ತಾದಾಗ, ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುತ್ತಿದ್ದ ನನ್ನ ಪೇಷಂಟೊಬ್ಬ ಅಲ್ಯೂಮಿನಿಯಮ್ಮಿನ ಬಳೆಯಂಥ ಉಂಗುರಗಳನ್ನು ಮಾಡಿ ತಂದುಕೊಟ್ಟ. ಮುಸಲ್ಮಾನರ ಮನುಷ್ಯ, ಭಾರೀ ಚೇಷ್ಟೆಯವನು. "ಲೇವ್ ಆಪಾ, ತಗೋರಿ, ಎಲ್ಲಾ ಸೈಜಿನಾಗ ಅದಾವು, ಮದಿವಿ ಮನಿಗೂ ನಡೀತಾವು" ಎಂದು ಡಬ್ಬಿ ಮೇಜಿನ ಮೇಲೆ ಸುರಿದಿದ್ದ. ಆ ಬಳೆಗೆ ಚೀಲ ಸಿಕ್ಕಿಸಿ, ಸೊಂಟಕ್ಕೆ ಬಟ್ಟೆಯ ಪಟ್ಟಿ ಕಟ್ಟಿದರೆ ನಾಲ್ಕು ತಾಸು ಧೈರ್ಯವಾಗಿ ಇರಬಹುದಿತ್ತು.

ಬೀಡಿಯ ಕಾಕಾ ಆ ಕೋಣೆಗೆ ಬಂದದ್ದು ಮಳೆಗಾಲದ ಶುರುವಿನಲ್ಲಿ. ಖಾನಾಪುರ ತಾಲೂಕಿನ ಬೀಡಿ ಊರಿನ ರೈತ, ಐವತ್ತೈದರ ಆಸುಪಾಸು. ಎತ್ತರದ ಆಳು, ದೊಡ್ಡ ರುಮಾಲು, ಹಣೆಯ ತುಂಬ ವಿಭೂತಿ. ಕೊರಳಲ್ಲಿ ಶಿವದಾರ, ಅದರಲ್ಲಿ ಬೆಳ್ಳಿಯ ಕರಡಿಗೆ, ಒಳಗೆ ಲಿಂಗ. ಕರುಳಿನ ಗಡ್ಡೆ ತೆಗೆದು ಡಾಕ್ಟರು ಹೊಟ್ಟೆಗೆ ದಾರಿ ಮಾಡಿದ್ದರು. ಗಡ್ಡೆ ಪೂರ್ತಿ ಹೊರಗೆ ಬಂದಿದೆ, ಇನ್ನು ಹತ್ತು ವರ್ಷ ಎತ್ತಿನ ಹಿಂದೆ ನಡೆಯುತ್ತಾರೆ ಎಂದು ಅವರು ನನಗೆ ಹೇಳಿದ್ದರು. ಕಾಕಾನ ಸಂಗಡ ಹೆಂಡತಿ ಬರುತ್ತಿದ್ದರು. ಮಾತು ಕಡಿಮೆ, ಕೆಲಸ ಚೊಕ್ಕ. ನಾನು ಒಂದು ಸಲ ಪಟ್ಟಿ ಕಟ್ಟಿ ತೋರಿಸಿದರೆ ಎರಡನೆಯ ಸಲ ಅವರೇ ನನಗಿಂತ ಚೆನ್ನಾಗಿ ಕಟ್ಟುತ್ತಿದ್ದರು. ಸುಲಿದ ಚರ್ಮಕ್ಕೆ ಮೊಟ್ಟೆಯ ಬಿಳಿ ಹಚ್ಚಿರೆಂದು ಡಾಕ್ಟರು ಬರೆದಿದ್ದನ್ನು ಓದಿ ಹೇಳಿದಾಗ ಮಾತ್ರ ಇಬ್ಬರೂ ನನ್ನ ಮುಖ ನೋಡಿದರು. ನಾನೂ ಲಿಂಗವಂತರ ಮನೆಯವಳೇ, ಖಾಸಬಾಗದಲ್ಲಿ ಹುಟ್ಟಿ ಬೆಳೆದವಳು. "ಬ್ಯಾಡ ಬಿಡ್ರಿ, ಬ್ಯಾರೆ ಮಲಾಮ ಕೊಡ್ತೀನಿ" ಎಂದು ಚೀಟಿ ಹರಿದು ಹಾಕಿದೆ. ಕಾಕಾ ಅಂದು ಮೊದಲ ಸಲ ನಕ್ಕರು. ನಮ್ಮವಳು ಎಂದು ಅವರಿಗೆ ಅನ್ನಿಸಿತು. ನನಗೂ, ಇವರು ನಮ್ಮವರು, ಇವರ ರೀತಿ ರಿವಾಜು ನನಗೆ ಗೊತ್ತು ಎನ್ನಿಸಿತು. ಆ ಹೆಮ್ಮೆಯೇ ಮುಂದೆ ಕಣ್ಣು ಕಟ್ಟಿತು.

ಬಂದವರಿಗೆಲ್ಲ ನಾನು ಒಂದಷ್ಟು ಪ್ರಶ್ನೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಚರ್ಮ ಹೇಗಿದೆ, ಮಲ ಗಟ್ಟಿಯೋ ನೀರೋ, ದಿನಕ್ಕೆ ಎಷ್ಟು ಸಲ, ನಿದ್ದೆ, ಊಟ.

"ಊಟ ಹೆಂಗ ಐತ್ರಿ ಕಾಕಾರ?"

"ಪೂಜಾ ಆದ ಮ್ಯಾಲೆ ಮಾಡ್ತೀನ್ರಿ ಅಕ್ಕಾರ."

"ಏನ್ ಉಣ್ತೀರಿ?"

"ರೊಟ್ಟಿ, ಪಲ್ಯಾ, ಒಂದೀಟ ಮಜ್ಜಗಿ. ಮನ್ಯಾಗ ಏನ ಮಾಡಿರ್ತಾರ ಅದ."

'ಊಟ ಸರಿ' ಎಂದು ಬರೆದೆ. ಆ ಮಾತು ನನಗೆ ಹುಟ್ಟಿದಾಗಿನಿಂದ ಗೊತ್ತು. ಖಾಸಬಾಗದ ನಮ್ಮ ಮನೆಯಲ್ಲಿ ಅಪ್ಪ ಸ್ನಾನ ಮಾಡಿ, ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸುವ ತನಕ ಒಂದು ಗುಟುಕು ಚಹಾ ಸಹ ಕುಡಿದವರಲ್ಲ. ಅಂಗಡಿಗೆ ಹೊತ್ತಾಯಿತು, ತಿಂದು ಹೋಗಿ ಎಂದು ಅವ್ವ ಕೂಗಿದರೆ ಒಳಗಿನಿಂದ ಅದೇ ಉತ್ತರ: "ಪೂಜಾ ಆಗ್ಲಿ." ಆಮೇಲೆ ಬಂದು ಕೂತು ನಾಲ್ಕು ರೊಟ್ಟಿ ತಿಂದು ಏಳುತ್ತಿದ್ದರು. ಹಾಗಾಗಿ ಕಾಕಾ ಪೂಜೆಯಾದ ಮೇಲೆ ಉಣ್ಣುತ್ತೇನೆ ಎಂದರೆ ನನ್ನ ಕಿವಿಗೆ, ಉಣ್ಣುತ್ತೇನೆ ಎಂದಷ್ಟೇ ಕೇಳಿಸಿತು. ಮುಂದಿನ ವಾರ ಕೇಳಿದೆ, ಅದೇ ಉತ್ತರ. ಅದರ ಮುಂದಿನ ವಾರವೂ ಅದೇ. ಒಂಬತ್ತು ವಾರ, ಪುಸ್ತಕದಲ್ಲಿ ನನ್ನದೇ ಕೈಬರಹದಲ್ಲಿ ಒಂಬತ್ತು ಸಲ 'ಊಟ ಸರಿ'.

ಆದರೆ ಕಾಕಾ ಇಳಿಯುತ್ತಿದ್ದರು. ಬಂದಾಗ ಅರವತ್ತೆರಡು ಕಿಲೋ ಇದ್ದವರು ಗಣಪತಿ ಹಬ್ಬದ ಹೊತ್ತಿಗೆ ಐವತ್ತಕ್ಕೆ ಬಂದರು. ರುಮಾಲಿನ ಕೆಳಗೆ ಮುಖ ಸಣ್ಣದಾಗುತ್ತ ಹೋಯಿತು. ಶಿವದಾರಕ್ಕೆ ವಾರ ವಾರ ಒಂದೊಂದು ಹೊಸ ಗಂಟು ಬೀಳುತ್ತಿತ್ತು. ಮೊದಲು ಎದೆಯ ಕೆಳಗೆ ತೂಗುತ್ತಿದ್ದ ಕರಡಿಗೆ ಮೇಲೆ ಮೇಲೆ ಸರಿದು ಕೊರಳಿನ ಗುಣಿಗೆ ಬಂದಿತ್ತು. ಅದನ್ನೂ ನಾನು ಕಂಡೆ. ಮೈ ಇಳಿದದ್ದಕ್ಕೆ ದಾರ ಉದ್ದವಾಗುತ್ತದೆ, ಪಾಪ, ಗಂಟು ಹಾಕಿಕೊಳ್ಳುತ್ತಾರೆ ಎಂದುಕೊಂಡೆ.

ಒಂದು ಗುರುವಾರ ನಾನು ಅವರ ಹೊಟ್ಟೆ ಒರೆಸಿ ಮಲಾಮು ಹಚ್ಚುತ್ತಿದ್ದಾಗ ಅವರು ನನ್ನ ಕೊರಳು ನೋಡಿದರು.

"ಅಕ್ಕಾರ, ನಿಮ್ಮ ಲಿಂಗ ಎಲ್ಲೈತ್ರಿ?"

ನನ್ನ ಲಿಂಗ ಮನೆಯ ದೇವರ ಗೂಡಿನಲ್ಲಿತ್ತು. ಡ್ಯೂಟಿಗೆ ಸೇರಿದ ವರ್ಷವೇ ತೆಗೆದಿಟ್ಟಿದ್ದೆ. ಅದಕ್ಕೆ ಅಪ್ಪ ಒಂದು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಿರಲಿಲ್ಲ. "ಮನ್ಯಾಗ ಐತ್ರಿ" ಎಂದೆ.

ಅವರು "ಮತ್ತ ನೀವ ದಿನಾ ಇಂಥಾದ್ದ ಮುಟ್ಟಿ, ಮನಿಗಿ ಹೋಗಿ ಉಣ್ಣಾಕ ಹೆಂಗ ಕುಂದರ್ತೀರಿ?" ಎಂದು ಕೇಳಿದರು.

ನನಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಇದೇ ಪ್ರಶ್ನೆಯನ್ನು ನನ್ನ ಸೋದರತ್ತೆ ಕೇಳಿದ್ದಳು, ನನ್ನನ್ನು ನೋಡಲು ಬಂದು ಹೋದ ಗಂಡಿನ ಮನೆಯವರು ಕೇಳಿದ್ದರು, ಈಗ ನಾನು ಯಾರ ಹೊಟ್ಟೆ ಒರೆಸುತ್ತಿದ್ದೇನೋ ಅವರೂ ಕೇಳುತ್ತಿದ್ದಾರೆ! "ಕೈ ತೊಳಕೊಂಡ ಉಣ್ತೀನ್ರಿ. ಸಾಬಣ ಅನ್ನೂದ ಒಂದ ಐತಿ ನೋಡ್ರಿ" ಎಂದು ಪಟ್ಟಿಯನ್ನು ಬಿಗಿಯಾಗಿಯೇ ಎಳೆದು ಕಟ್ಟಿದೆ. ಅವರು ತಲೆ ತಗ್ಗಿಸಿ, "ಸಿಟ್ಟಾಗಬ್ಯಾಡ್ರಿ, ತಪ್ಪ ಆತು" ಎಂದರು. ಅವರ ಹೆಂಡತಿ ಬಾಯಿ ತೆರೆದು ಏನೋ ಹೇಳಬೇಕೆಂದವರು ನನ್ನ ಮುಖ ನೋಡಿ ಸುಮ್ಮನಾದರು. ಆ ಮನುಷ್ಯ ನನ್ನನ್ನು ಹೀಯಾಳಿಸಲು ಕೇಳಿರಲಿಲ್ಲ. ತನಗೊಂದು ಉಪಾಯ ಬೇಕಾಗಿತ್ತು, ಕಲಿತವಳು, ನಮ್ಮವಳು, ಇವಳು ಹೇಗೆ ಮಾಡುತ್ತಾಳೆ ಎಂದು ಕೇಳಿದ್ದರು. ನಾನು ಸಾಬೂನಿನ ಮಾತಾಡಿ ಕಳಿಸಿದೆ.

ತೂಕದ ಚೀಟಿ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಕಾಕಾನ ಹೊಟ್ಟೆ ಒತ್ತಿ ನೋಡಿ, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿ, ಕಾಕಾ ಹೊರಗೆ ಹೋದ ಮೇಲೆ, "ಗಡ್ಡಿ ತಿರುಗಿ ಬಂದಿರಬೇಕು ಸಿಸ್ಟರ್. ಊಟ ಸರಿಯಾಗಿ ಮಾಡ್ತಾ ಹಿಂಗ ಇಳಿದ್ರ ಮತ್ತೇನ?" ಎಂದರು. ಊಟ ಸರಿ ಎಂದು ಅವರಿಗೆ ಹೇಳಿದ್ದು ನನ್ನ ಪುಸ್ತಕ. ಇನ್ನೊಮ್ಮೆ ಹೊಟ್ಟೆ ತೆರೆಯುವಷ್ಟು ಶಕ್ತಿ ಅವರ ಮೈಯಲ್ಲಿ ಇಲ್ಲ, ಇದ್ದಷ್ಟು ದಿನ ಚೊಕ್ಕಟಾಗಿ ಇಡಿ ಎಂದರು. ನಾನು ಕೋಣೆಗೆ ಬಂದು ಕಾಕಾನಿಗೆ ಎರಡು ಚೀಲ ಹೆಚ್ಚಿಗೆ ಕೊಟ್ಟೆ. ಅದಕ್ಕಿಂತ ಹೆಚ್ಚಿನದು ನನ್ನ ಕೈಯಲ್ಲಿ ಏನಿತ್ತು? ಅವರು ಅವನ್ನು ಹೊಸ ಅರಿವೆಯ ಹಾಗೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದರು. ಅಂದು ಮನೆಯಲ್ಲಿ ನನಗೂ ಊಟ ಸೇರಲಿಲ್ಲ.

ಆಮೇಲೆ ತಂಗಿಯ ಬಾಣಂತನಕ್ಕೆ ನಾನು ಒಂದು ವಾರ ರಜೆ ಹಾಕಿದೆ. ಆ ಗುರುವಾರ ಕೋಣೆ ನೋಡಿಕೊಂಡವಳು ಕೇರಳದಿಂದ ಹೊಸದಾಗಿ ಬಂದ ಒಬ್ಬ ಸಿಸ್ಟರ್. ಕನ್ನಡ ಆಗತಾನೆ ಕಲಿಯುತ್ತಿದ್ದಳು, ಅಕ್ಕನಿಗೆ ಚೇಚಿ, ಅಜ್ಜನಿಗೆ ಅಪ್ಪಚ್ಚನ್ ಎಂದು ತನ್ನ ಮಾತೇ ಬಾಯಿಗೆ ಬರುತ್ತಿತ್ತು. ರಜೆ ಮುಗಿಸಿ ಬಂದ ದಿನ ಆಕೆ ಔಷಧಿ ಕಪಾಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಚೇಚಿ, ಆ ಬೀಡಿ ಅಪ್ಪಚ್ಚನ್ ಊಟ ಮಾಡುವುದಿಲ್ಲ."

"ಮಾಡ್ತಾರ. ಪೂಜಾ ಆದ ಮ್ಯಾಲೆ ಮಾಡ್ತಾರ."

"ನನಗೂ ಹಾಗೇ ಹೇಳಿದರು. ಯಾವ ಪೂಜೆ ಅಂತ ನನಗೆ ಗೊತ್ತಿಲ್ಲ, ಅದಕ್ಕೆ ಕೇಳಿದೆ. ಇವತ್ತು ಪೂಜೆ ಆಯ್ತಾ? ಇಲ್ಲ ಅಂದರು. ನಿನ್ನೆ? ಇಲ್ಲ. ಮೊನ್ನೆ ಆಯ್ತಾ ಕೇಳಿದೆ, ಆಗ ಅಪ್ಪಚ್ಚನ್ ಅಳುವುದಕ್ಕೆ ಶುರು ಮಾಡಿದರು."

ಉಳಿದದ್ದನ್ನು ಆಕೆ ಹೇಳಬೇಕಾಗಿರಲಿಲ್ಲ, ಆದರೂ ಹೇಳಿದಳು. ಕಾಕಾ ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗ ಅಂಗೈಗೆ ತೆಗೆದುಕೊಳ್ಳುತ್ತಾರೆ. ಅಷ್ಟರಲ್ಲಿ ಹೊಟ್ಟೆಯ ಮೇಲೆ ಬಿಸಿ ಬಿಸಿ ಬರುತ್ತದೆ. ಎದ್ದು ಲಿಂಗ ಕರಡಿಗೆಗೆ ಸೇರಿಸಿ ಮತ್ತೆ ಸ್ನಾನ ಮಾಡುತ್ತಾರೆ, ಮತ್ತೆ ಕೂಡುತ್ತಾರೆ, ಮತ್ತೆ ಬರುತ್ತದೆ. ಮೂರನೆಯ ಸಲಕ್ಕೆ ಸೋತು ಹೊಲಕ್ಕೆ ಹೋಗುತ್ತಾರೆ. ಪೂಜೆ ಆಗಿಲ್ಲ, ಊಟ ಇಲ್ಲ. ಯಾವತ್ತೋ ಒಂದು ದಿನ ಪೂಜೆ ದಕ್ಕಿದರೆ ಅಂದು ಒಂದು ಹೊತ್ತು ಉಣ್ಣುತ್ತಾರೆ. ಅದೂ ಕಡಿಮೆ, ಯಾಕೆಂದರೆ ಹೆಚ್ಚು ಉಂಡರೆ ನಾಳೆ ಹೆಚ್ಚು ಬರುತ್ತದೆ. ಅವರು ನನಗೆ ಒಂದು ಸುಳ್ಳೂ ಹೇಳಿರಲಿಲ್ಲ. ಪೂಜೆ ಆಯಿತೇ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ನಮ್ಮವಳಾದ ನನಗೆ ಕೇಳಬೇಕೆಂದು ಹೊಳೆಯದ್ದು, ಕನ್ನಡವೇ ಸರಿಯಾಗಿ ಬಾರದ ಆ ಹುಡುಗಿಗೆ ಮೊದಲ ದಿನವೇ ಹೊಳೆದಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಇದಕ್ಕೊಂದು ಉಪಾಯ ಇತ್ತು. ಎನಿಮಾ ಕ್ಯಾನಿಗೆ ಮೆತ್ತಗಿನ ರಬ್ಬರಿನ ನಳಿಗೆ ಹಾಕಿ, ಹೊಟ್ಟೆಯ ಆ ದಾರಿಯಿಂದಲೇ ಉಗುರು ಬೆಚ್ಚಗಿನ ನೀರು ಒಳಗೆ ಬಿಟ್ಟರೆ, ಒಂದು ತಾಸಿನಲ್ಲಿ ಕರುಳು ತೊಳೆದು ಬರುತ್ತದೆ. ಆಮೇಲೆ ಮರುದಿನದ ತನಕ ಬಹುತೇಕ ಏನೂ ಬರುವುದಿಲ್ಲ. ಪಟ್ಟಣದ ಮೂವರಿಗೆ ನಾನು ಕಲಿಸಿದ್ದೆ. ಫೌಂಡ್ರಿಯವನು ಹಾಗೆ ತೊಳೆದುಕೊಂಡೇ ಪಾಳಿಗೆ ಹೋಗುತ್ತಿದ್ದ. ಹಳ್ಳಿಯವರಿಗೆ ಮಾತ್ರ ಕಲಿಸಿರಲಿಲ್ಲ. ನಲ್ಲಿ ಇಲ್ಲ, ಸಂಡಾಸ ಇಲ್ಲ, ಅವರಿಂದ ಎಲ್ಲಾಗುತ್ತದೆ ಎಂದು ನಾನೇ ತೀರ್ಮಾನಿಸಿದ್ದೆ. ಅವರನ್ನು ಕೇಳಿರಲಿಲ್ಲ.

ಮುಂದಿನ ಗುರುವಾರ ಕಾಕಾ ಬರಲಿಲ್ಲ. ರವಿವಾರ ಕ್ಯಾನನ್ನು ಕೈಚೀಲದಲ್ಲಿಟ್ಟುಕೊಂಡು ಖಾನಾಪುರಕ್ಕೆ ಬಸ್ಸು ಹತ್ತಿದೆ. ಅಲ್ಲಿ ಸ್ಟ್ಯಾಂಡಿನಲ್ಲಿ ಬೀಡಿಯ ಬಸ್ಸಿಗೆ ಒಂದೂವರೆ ತಾಸು ಕಾದೆ. ಬಾಜೂಕ್ಕೆ ಕೂತ ಮರಾಠಿ ಮುದುಕಿ ಚೀಲದಿಂದ ಇಣುಕುತ್ತಿದ್ದ ರಬ್ಬರಿನ ನಳಿಗೆ ನೋಡಿ, ಹೊಲಕ್ಕೆ ಔಷಧಿ ಹೊಡೆಯುವುದಕ್ಕೋ ಎಂದು ಕೇಳಿದಳು. ಹೂಂ ಎಂದೆ. ಯಾರ ಹತ್ತಿರವೂ ಮಾತಾಡುವ ಮನಸ್ಸಿರಲಿಲ್ಲ.

ಊರಿಗೆ ಹೋದವಳು ಕಾಕಾನ ಮನೆಗೆ ಹೋಗುವ ಮೊದಲು ಮಠದ ಅಯ್ಯನವರ ಮನೆ ಹುಡುಕಿಕೊಂಡು ಹೋದೆ. ಅವರು ಅಂಗಿಯ ತೋಳು ಮಡಚಿ ಸೌತೆಬಳ್ಳಿಗೆ ಕಡ್ಡಿ ಕಟ್ಟುತ್ತಿದ್ದರು. ನಾನು ಜಗಳಕ್ಕೇ ಹೋದವಳು. "ಲಿಂಗ ಕಟ್ಟಿದವ್ರಿಗೆ ಸೂತಕ ಇಲ್ಲ ಅಂತ ನೀವ ಹೇಳ್ತೀರಲ್ರಿ? ಮತ್ತ ಆ ಮನಷ್ಯಾ ಉಪಾಸ ಸಾಯಾಕ ಹತ್ಯಾನು. ಹೋಗಿ ಒಂದ ಮಾತ ಹೇಳಾಕ ನಿಮಗೇನ ಆಗೈತಿ?" ಎಂದು ನಿಂತಲ್ಲೇ ಕೂಗಾಡಿದೆ. ಅವರು ಕಡ್ಡಿ ಕೆಳಗಿಟ್ಟು ನನ್ನ ಮಾತೆಲ್ಲ ಮುಗಿಯಲು ಬಿಟ್ಟರು.

"ನಾಕ ಸಲ ಹೇಳೇನಿ ತಂಗಿ. ನನ್ನ ಕೈಯಾರೆ ರೊಟ್ಟಿ ಮುರದ ಬಾಯಿಗಿ ಹಿಡದೇನಿ. ಅಂವ ಕೇಳೂದಿಲ್ಲ. ನೀ ಅರ ಹೇಳಿ ನೋಡು" ಎಂದರು. ಅವರ ಕಣ್ಣು ತುಂಬಿದ್ದು ಕಂಡು ನನ್ನ ಜೋರೆಲ್ಲ ಇಳಿಯಿತು. ಬೈಯಲು ಒಬ್ಬರಾದರೂ ಸಿಗುತ್ತಾರೆಂದು ಹೋಗಿದ್ದೆ. ಸಿಗಲಿಲ್ಲ.

ಕಾಕಾ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ಕಂಡು ಏಳಲು ನೋಡಿದರು, ಆಗಲಿಲ್ಲ. "ಬರ್ರಿ ಅಕ್ಕಾರ, ಕುಂದರ್ರಿ" ಎಂದರು. ಶಿವದಾರ ಈಗ ಎಷ್ಟು ಗಿಡ್ಡವಾಗಿತ್ತೆಂದರೆ ಕರಡಿಗೆ ಗದ್ದಕ್ಕೆ ತಾಗುತ್ತಿತ್ತು. ಗಂಟು ಹಾಕಿದ್ದು ಮೈ ಇಳಿದದ್ದಕ್ಕಲ್ಲ. ಹೊಟ್ಟೆಯಿಂದ ಲಿಂಗವನ್ನು ಆದಷ್ಟು ದೂರ, ಆದಷ್ಟು ಮೇಲೆ ಇಡಬೇಕೆಂದು.

"ಕಾಕಾರ, ಅಯ್ಯಾರು ಹೇಳಿದ್ದ ಯಾಕ ಕೇಳವಲ್ರಿ? ಮೈಲಿಗಿ ಇಲ್ಲ ಅಂತ ಅವರ ಹೇಳ್ಯಾರಲ್ಲ?"

"ಅವರು ಹೇಳೂದ ಖರೇ ಐತ್ರಿ. ನನ್ನ ತಲಿ ಒಪ್ಪತೈತಿ." ಸ್ವಲ್ಪ ದಮ್ಮು ತೆಗೆದುಕೊಂಡರು. "ಆದ್ರ ಮೂಗಿಗಿ ಯಾರ ಹೇಳವರು? ಅಂಗೈಯಾಗ ಲಿಂಗ ಐತಿ, ಕೆಳಗಿಂದ ವಾಸನಿ ಬರತೈತಿ. ಐವತ್ತ ವರ್ಷ ಹಿಡದ ಕೈ ಅಕ್ಕಾರ. ಅದ ನಡಗತೈತಿ."

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದೆ. "ಅವ್ವಾರ, ನೀರ ಕಾಸ್ರಿ" ಎಂದೆ ಅವರ ಹೆಂಡತಿಗೆ.

ಬಚ್ಚಲಿನ ಗೋಡೆಯ ಗೂಟಕ್ಕೆ ಕ್ಯಾನು ತೂಗು ಹಾಕಿದೆವು. ಕಾಕಾನನ್ನು ಮಣೆಯ ಮೇಲೆ ಕೂರಿಸಿ, ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ನಳಿಗೆಗೆ ಎಣ್ಣೆ ಹಚ್ಚಿ, ನಿಧಾನ ನಿಧಾನವಾಗಿ ಬಿಟ್ಟೆ. ಸಂಡಾಸ ಬೇಕಿರಲಿಲ್ಲ, ನಲ್ಲಿ ಬೇಕಿರಲಿಲ್ಲ. ಒಂದು ಬಕೆಟ್ಟು, ಒಂದು ಹಂಡೆ ನೀರು, ಪಕ್ಕದಲ್ಲಿ ಕೂಡುವ ಒಬ್ಬರು. ಅವರ ಹೆಂಡತಿ ಪ್ರತಿಯೊಂದನ್ನೂ ನೋಡಿ ಇಟ್ಟುಕೊಂಡರು. ತೊಳೆದು ಬಂದದ್ದು ಬರೀ ನೀರು, ಒಳಗೆ ಬೇರೇನೂ ಇರಲಿಲ್ಲ. ಮುಕ್ಕಾಲು ತಾಸು ಕಾದು, ಹೊಟ್ಟೆಯ ಮೇಲೆ ಅರಳೆ ಇಟ್ಟು ಪಟ್ಟಿ ಕಟ್ಟಿ, ತಲೆಯ ಮೇಲೆ ನೀರು ಹಾಕಿದೆವು. ಮಡಿ ಉಡಿಸಿ, ಮಣೆಯ ಮೇಲೆ ಕೂರಿಸಿದೆವು.

ಅವರು ಶಿವದಾರದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದರು. ಹೆಂಡತಿ ಕೈ ಚಾಚಿದರೂ ಬಿಡಲಿಲ್ಲ. ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡು, ನೀರು ಹನಿಸಿ, ವಿಭೂತಿ ಹಚ್ಚಿ, ಒಂದು ಪತ್ರಿಯ ಎಲೆ ಇಟ್ಟು ಕಣ್ಣ ಹತ್ತಿರ ತಂದರು. ನಾನು ಲಿಂಗ ನೋಡಲಿಲ್ಲ. ಅವರ ಹೊಟ್ಟೆಯ ಮೇಲಿನ ಪಟ್ಟಿಯನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತ ನಿಂತೆ. ಬರಬೇಡ, ಬರಬೇಡ, ಇವತ್ತೊಂದು ದಿನ ಬರಬೇಡ. ನನ್ನ ಜೀವನದಲ್ಲಿ ನಾನು ಮಾಡಿದ ಪೂಜೆ ಎಂದರೆ ಅದೊಂದೇ ಇರಬೇಕು.

ಬರಲಿಲ್ಲ. ಅರ್ಧ ತಾಸು ಅವರು ಕದಲದೆ ಕೂತರು. ಮುಗಿಸಿ ಲಿಂಗ ಕೊರಳಿಗೆ ಹಾಕಿಕೊಂಡಾಗ ಕರಡಿಗೆ ಮೊದಲಿನ ಹಾಗೆ ಎದೆಯ ಕೆಳಗೆ ಇಳಿದು ನಿಂತಿತು. ಅವರ ಹೆಂಡತಿ ಒಳಗೋಡಿ ಗಂಗಾಳ ತಂದರು. ಬಿಸಿ ರೊಟ್ಟಿ, ಹಾಲು, ಮೇಲೊಂದಿಷ್ಟು ಸಕ್ಕರೆ.

ಕಾಕಾ ಹಾಲಿನಲ್ಲಿ ನೆನೆದ ರೊಟ್ಟಿಯ ಒಂದು ತುತ್ತು ನುಂಗಿದರು. ಎರಡನೆಯದು ಬಾಯಿಯಲ್ಲೇ ಬಹಳ ಹೊತ್ತು ತಿರುಗಿತು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತರು.

"ಉಣ್ರಿ ಕಾಕಾರ. ಪೂಜಾ ಆತಲ್ಲ?"

"ಆತ್ರಿ. ಭಾಳ ಚಲೋ ಆತು." ತುತ್ತನ್ನು ಗಂಗಾಳದಲ್ಲಿಟ್ಟರು. "ಆದ್ರ ಇಳೀವಲ್ದರಿ."

ನಾನು ಬೇಡಿಕೊಂಡೆ. ಆಮೇಲೆ ಬೈದೆ. "ಇಷ್ಟ ಮಾಡಿ ಈಗ ಇಳೀವಲ್ದು ಅಂದ್ರ ಹೆಂಗ್ರಿ? ನಿಮ್ಮ ಸಲುವಾಗಿ ಅಲ್ಲಿಂದ ಬಂದೇನಿ, ನುಂಗ್ರಿ!" ಎಂದು ಸಣ್ಣ ಕೂಸಿಗೆ ಮಾಡುವ ಹಾಗೆ ಬಾಯಿಯ ಹತ್ತಿರ ಹಿಡಿದೆ. ನನ್ನ ಮನಸ್ಸಿಗಾಗಿ ಅವರು ಅದನ್ನು ನುಂಗಿದರು, ಅಷ್ಟರಲ್ಲೇ ಎಲ್ಲ ತಿರುಗಿ ಬಂತು. ತಿಂಗಳುಗಟ್ಟಲೆ ಒಣಗಿದ ಹೊಟ್ಟೆ, ಅದಕ್ಕೆ ಉಣ್ಣುವುದೇ ಮರೆತುಹೋಗಿತ್ತು. ಆಸ್ಪತ್ರೆಗೆ ಬನ್ನಿ, ಸಲೈನ್ ಹಚ್ಚುತ್ತೇವೆ ಎಂದೆ. ಬ್ಯಾಡ್ರಿ, ಅಲ್ಲಿ ಪೂಜಾ ಆಗೂದಿಲ್ಲ ಎಂದರು. ಅವರ ಹೆಂಡತಿಯ ಕಡೆ ನೋಡಿದೆ. ಆಕೆಯೂ ಬೇಡವೆಂದು ತಲೆಯಾಡಿಸಿದರು. ಕ್ಯಾನು, ನಳಿಗೆ, ಅರಳೆಯ ಸುರುಳಿ ಎಲ್ಲವನ್ನೂ ಅವರ ಕೈಗೆ ಕೊಟ್ಟು, ಕಡೆಯ ಬಸ್ಸಿಗೆ ಬಂದೆ.

ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಗಡ್ಡೆ ತಿರುಗಿ ಬಂದಿತ್ತೋ ಇಲ್ಲವೋ, ಹೊಟ್ಟೆ ತೆರೆಯದೆ ಹೇಳಲು ಬರುವುದಿಲ್ಲ ಎಂದರು. ನನ್ನ ಸಮಾಧಾನಕ್ಕೆ, ಬಂದೇ ಇರಬೇಕು ಬಿಡಿ ಎಂದೂ ಸೇರಿಸಿದರು. ಆ ಸಮಾಧಾನ ನನಗೆ ಇವತ್ತಿನ ತನಕ ಆಗಿಲ್ಲ.

ಎರಡನೆಯ ಗುರುವಾರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆಯುತ್ತಿದ್ದಾಗ, ದಪ್ಪ ಮೀಸೆಯ ಒಬ್ಬ ಗಂಡಸು ಮೋಟರ್‌ಸೈಕಲ್ ಧೂಳಿನಲ್ಲಿ ಮುಳುಗಿದವನು ಬಂದು ನಿಂತ. ಕಾಕಾನ ಅಣ್ಣನ ಮಗ.

"ಕಾಕಾ ನಸಿಕಿನಾಗ ಹೋದ್ರು. ಕಾಕಿ ನಿಮ್ಮನ್ನ ಕರಕೊಂಡ ಬಾ ಅಂದಾಳ. ನೀವು ಬರೂತನಕ ಯಾರಿಗೂ ಮುಟ್ಟಗೊಡವಲ್ಲಳ್ರಿ."

ಕೇರಳದ ಸಿಸ್ಟರಿಗೆ ಕೋಣೆಯ ಕೀಲಿ ಕೊಟ್ಟು, ಬಿಳಿ ಸೀರೆಯಲ್ಲೇ ಅವನ ಹಿಂದೆ ಕೂತು ಹೋದೆ. ದಾರಿಯುದ್ದಕ್ಕೂ ಅವರು ನನ್ನನ್ನು ಯಾಕೆ ಕರೆಸಿದರು ಎಂದೇ ಯೋಚಿಸಿದೆ. ಬೈಯಲಿಕ್ಕೆ ಇರಬೇಕು ಎನ್ನಿಸಿತು. ಬೈದರೆ ಒಳ್ಳೆಯದು ಎಂದೂ ಅನ್ನಿಸಿತು.

ಅಂಗಳದಲ್ಲಿ ಜನ ಇತ್ತು. ಅಯ್ಯನವರು ಬಾಗಿಲಲ್ಲೇ ನಿಂತು, "ಲಗೂ ಆಗಲಿ ತಂಗಿ, ಮೈ ಸೆಟದ್ರ ಕುಂದರ್ಸಾಕ ಬರೂದಿಲ್ಲ" ಎಂದರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಪೂಜೆಗೆ ಕೂತ ಹಾಗೆಯೇ ಕಾಲು ಮಡಚಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು ಕಳಿಸುತ್ತೇವೆ.

ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು. ಕಾಕಾ ಚಾಪೆಯ ಮೇಲೆ ಮಲಗಿದ್ದರು. ಶಿವದಾರದಲ್ಲಿ ಒಂದೂ ಗಂಟಿರಲಿಲ್ಲ.

"ಹತ್ತ ದಿನಾ ತೊಳದೆನ್ರಿ. ಹತ್ತೂ ದಿನಾ ಪೂಜಾ ಆತು" ಎಂದರು ಆಕೆ. "ದಿನಾ ಎರಡ ಚಮಚಾ ಹಾಲ ಕುಡೀತಿದ್ರು. ನಿನ್ನಿ ಅದನ್ನೂ ಬ್ಯಾಡ ಅಂದ್ರು." ಆಮೇಲೆ ದನಿ ಇಳಿಸಿ, ನಾನು ಅವರ ಬಾಯಿಯಿಂದ ಕೇಳಿದ ಮೊದಲನೆಯ ಉದ್ದನೆಯ ಮಾತು ಆಡಿದರು. "ಅಕ್ಕಾರ, ಕುಂದರ್ಸಿದ ಮ್ಯಾಲೆ ಹೊಟ್ಟಿ ಮಡಚತೈತಿ. ಆಗ ಏನರ ಹೊರಗ ಬಂದ್ರ? ಕೈಯಾಗ ಲಿಂಗ ಇರತೈತಿ. ಅವ್ರಿಗೆ ಎದ್ದ ಹೋಗಿ ಮತ್ತ ಝಳಕಾ ಮಾಡಾಕ ಬರೂದಿಲ್ಲ. ಅದಕ್ಕ ನಿಮ್ಮನ್ನ ಕರಸೀನಿ. ಒಂದ ಸಲ ನೀವ ನೋಡಿಬಿಡ್ರಿ."

ನಾನು ಮಂಡಿಯೂರಿ ಕೂತೆ. ಪಟ್ಟಿ ಬಿಚ್ಚಿದೆ. ಎಷ್ಟು ಚೊಕ್ಕಟಾಗಿ ಇಟ್ಟಿದ್ದರು ಆ ಹೆಣ್ಣುಮಗಳು! ಸುಲಿದಿದ್ದ ಚರ್ಮ ಮಾಯ್ದು ಎಳೆಯ ಚರ್ಮ ಬಂದಿತ್ತು. ಬಿಸಿನೀರಿನಿಂದ ಒರೆಸಿದೆ, ಹೊಟ್ಟೆಯನ್ನು ಎಲ್ಲ ಕಡೆ ಒತ್ತಿ ನೋಡಿದೆ. ಅಂಗೈಗೆ ಬೆನ್ನುಮೂಳೆ ಸಿಕ್ಕಿತು. ದಾರಿಗೆ ಅರಳೆ ಇಟ್ಟು, ಹೊಸ ಪಟ್ಟಿ ಎರಡು ಸುತ್ತು ಸುತ್ತಿ ಗಂಟು ಹಾಕಿದೆ.

"ಬರೂದಿಲ್ರಿ ಅವ್ವಾರ" ಎಂದೆ. "ಹೊಟ್ಯಾಗ ಏನೂ ಇಲ್ಲ."

ಆಕೆ ಒಂದು ದೊಡ್ಡ ಉಸಿರು ಬಿಟ್ಟರು. ಎರಡೂ ಕೈಯಲ್ಲಿ ನನ್ನ ತೊಳೆಯದ ಕೈ ಹಿಡಿದುಕೊಂಡು, ಹಣೆಗೆ ಒತ್ತಿಕೊಂಡು, "ನಿಮ್ಮಿಂದ ಭಾಳ ಉಪಕಾರ ಆತ್ರಿ" ಎಂದರು.